ಹುಳಿ, ಒಗರು ಗೊತ್ತಿದ್ದರೆ ಸಾಕು, ವೈನ್‌ಗೂ ಅಂಕ ಕೊಡಬಹುದು!

ಇಟಲಿಯ ಟೂರಿನ್‌ನಲ್ಲಿರುವ ತಂಗಿ ಮನೆಗೆ ಹೋಗಿದ್ದಾಗ ಒಂದು ಸಂಜೆ ಅವಳ ಗೆಳತಿಯರೆಲ್ಲ ಸೇರಿದ್ದರು. ಮೇಜಿನ ಮೇಲೆ ಪೇಪರ್ ಸುತ್ತಿದ ಮೂರು ವೈನ್ ಬಾಟಲಿ, ಪಕ್ಕದಲ್ಲಿ ಅಂಕ ಬರೆಯುವ ಚೀಟಿ. 'ಅಕ್ಕಾ, ನೀನೂ ಮಾರ್ಕ್ಸ್ ಕೊಡು' ಅಂದಳು. ನನಗೋ ಮುಜುಗರ. ವೈನ್ ಬಗ್ಗೆ ನನಗೇನು ಗೊತ್ತು? ಆದರೆ ಅಂಗೈಗೆ ಒಂದು ಹನಿ ಸಾರು ಹಾಕಿಕೊಂಡು ಹುಳಿ ಹೆಚ್ಚಾಯ್ತೋ ಕಡಿಮೆಯಾಯ್ತೋ ಹೇಳುವವರು ನಾವು. ಆ ನಾಲಿಗೆ ಇಲ್ಲೂ ಕೈಕೊಡಲಿಲ್ಲ!

ಇಟಲಿಯಲ್ಲಿ ನೂರಾರು ಸ್ಥಳೀಯ ದ್ರಾಕ್ಷಿ ತಳಿಗಳಿವೆ. ನಮ್ಮಲ್ಲಿ ನಾಟಿ ಭತ್ತದ ತಳಿಗಳು ಮರೆಯಾದ ಹಾಗೆ ಅಲ್ಲೂ ಇಳುವರಿ ಕಡಿಮೆ ಎಂದು ಎಷ್ಟೋ ತಳಿಗಳನ್ನು ರೈತರು ಕೈಬಿಟ್ಟಿದ್ದರು. ಅಂದು ನಾವು ರುಚಿ ನೋಡಿದ್ದು ಅಷ್ಟಾಗಿ ಹೆಸರಾಗದ ಈ ಮೂರನ್ನು:

* ಪೆಕೊರಿನೊ: ಮಾರ್ಕೆ, ಅಬ್ರುಝೊ ಪ್ರಾಂತ್ಯಗಳ ಬಿಳಿ ದ್ರಾಕ್ಷಿ. ಕುರಿ ಹಾಲಿನ ಚೀಸ್‌ಗೂ ಇದೇ ಹೆಸರು. 1980ರ ದಶಕದಲ್ಲಿ ಗುಯಿಡೊ ಕೊಚ್ಚಿ ಗ್ರಿಫೋನಿ ಇದನ್ನು ಹುಡುಕಿ ಉಳಿಸಿದರು. ಹುಳಿ ಚುರುಕು.

* ತಿಮೊರಾಸೊ: ಪಿಯೆಮೊಂಟೆಯ ತೊರ್ತೋನಾ ಬೆಟ್ಟಗಳ ಬಿಳಿ ದ್ರಾಕ್ಷಿ. 1980ರ ದಶಕದ ಕೊನೆಯಲ್ಲಿ ವಾಲ್ಟರ್ ಮಾಸಾ ಇದಕ್ಕೆ ಮರುಜೀವ ಕೊಟ್ಟರು. ಹುಳಿಯ ಜತೆ ಜೇನಿನ ಛಾಯೆ.

* ಸಗ್ರಾಂತಿನೊ: ಉಂಬ್ರಿಯಾದ ಮೊಂಟೆಫಾಲ್ಕೊ ಊರಿನ ಕೆಂಪು ದ್ರಾಕ್ಷಿ. ಎಳೆ ಅಡಿಕೆ ಜಗಿದಂಥ ಒಗರು.

ಅಂಕ ಕೊಡೋದು ಹೇಗೆ?

* ಬಾಟಲಿಗೆ ಪೇಪರ್ ಸುತ್ತಿ. ಹೆಸರು, ಬೆಲೆ ಕಂಡರೆ ನಾಲಿಗೆ ಮೋಸ ಹೋಗುತ್ತದೆ.

* ಸೆಂಟ್ ಬೇಡ, ತಲೆಯಲ್ಲಿ ಮಲ್ಲಿಗೆಯೂ ಬೇಡ. ವೈನ್‌ನ ಪರಿಮಳವೇ ತಿಳಿಯೋದಿಲ್ಲ.

* ಮೊದಲು ಬಿಳಿ, ಆಮೇಲೆ ಕೆಂಪು. ಒಗರಿನದು ಕೊನೆಗೆ. ಎರಡು ಗುಟುಕು ಸಾಕು. ಬಾಯಲ್ಲಿ ಆಡಿಸಿ ಉಗುಳಿದರೂ ತಪ್ಪಲ್ಲ, ಪರಿಣತರು ಮಾಡೋದೂ ಅದನ್ನೇ. ನಡುನಡುವೆ ನೀರು, ಒಂದು ತುಂಡು ಬ್ರೆಡ್.

* ಒಟ್ಟು 20 ಅಂಕ ಇಟ್ಟುಕೊಳ್ಳಿ: ಬಣ್ಣಕ್ಕೆ 3, ಪರಿಮಳಕ್ಕೆ 7, ರುಚಿಗೆ 7, ನುಂಗಿದ ಮೇಲೂ ಉಳಿಯುವ ಸವಿಗೆ 3.

* ಯಾರೂ ಬಾಯಿ ಬಿಡುವ ಮೊದಲೇ ನಿಮ್ಮ ಅಂಕ ಬರೆದುಬಿಡಿ.

ನಾನು ತಿಮೊರಾಸೊಗೆ 17 ಕೊಟ್ಟೆ, ಸಗ್ರಾಂತಿನೊಗೆ ಬರೀ 9. ಉಳಿದವರೆಲ್ಲ ಸಗ್ರಾಂತಿನೊಗೆ 16, 17 ಕೊಟ್ಟಿದ್ದರು! ನನ್ನ ಚೀಟಿ ಮುಚ್ಚಿಡೋಣ ಅನ್ನಿಸಿತು. ಅಷ್ಟರಲ್ಲಿ ಹಿರಿಯ ಹೆಂಗಸೊಬ್ಬರು ಹಳೆಯ ಗಟ್ಟಿ ಚೀಸ್ ಕೊಟ್ಟು, 'ಇದರ ಜತೆ ಕುಡಿದು ನೋಡಿ' ಅಂದರು. ಏನಾಶ್ಚರ್ಯ, ಒಗರು ಅರ್ಧಕ್ಕರ್ಧ ಇಳಿದಿತ್ತು! ಚೀಸ್‌ನಲ್ಲಿರುವ ಪ್ರೋಟೀನ್ ಮತ್ತು ಕೊಬ್ಬು ಒಗರನ್ನು ತಗ್ಗಿಸುತ್ತವಂತೆ. ಉಪ್ಪಿನಕಾಯಿಗೆ ಮೊಸರನ್ನ ಹೇಗೋ ಹಾಗೆ. 9 ಹೊಡೆದು 14 ಮಾಡಿದೆ. ತಿಮೊರಾಸೊದ 17 ಮಾತ್ರ ಬದಲಾಯಿಸಲಿಲ್ಲ. ನಾಲ್ಕು ಜನ ಬೇರೆ ಹೇಳಿದರು ಅಂತ ನಮ್ಮ ನಾಲಿಗೆ ಸುಳ್ಳಾಗೋದಿಲ್ಲ, ಅಲ್ವಾ?

ನೆನಪಿಡಿ: ವೈನ್ ಆರೋಗ್ಯಕ್ಕೆ ಒಳ್ಳೇದು ಅನ್ನುವ ಮಾತು ನಂಬಬೇಡಿ. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಗರ್ಭಿಣಿಯರು, ಎದೆಹಾಲುಣಿಸುವವರು, ಔಷಧಿ ತೆಗೆದುಕೊಳ್ಳುವವರು ದೂರವಿರಿ. ಕುಡಿದು ಗಾಡಿ ಓಡಿಸಬೇಡಿ. ಬೇಡ ಅನ್ನಿಸಿದರೆ ಸಂಕೋಚವಿಲ್ಲದೆ 'ಬೇಡ' ಅನ್ನಿ. ಪರಿಮಳ ನೋಡಿ ಅಂಕ ಕೊಟ್ಟರೂ ಆಟ ಮಜವಾಗಿಯೇ ಇರುತ್ತದೆ!