ಸೂಜಿ ಹಾಕಿಸಿದ ಮಗು ಬದುಕುತ್ತೆ, ಸರಿ. ಆದರೆ ಹೇಗೆ ಬದುಕುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಿನ ಅನುಕೂಲಕ್ಕೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಮಾತನ್ನ ಮುಡುಕುತೊರೆಯ ದನಗಳ ಜಾತ್ರೆಯಿಂದ ಶುರು ಮಾಡೋಣ. ತಿ. ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿ ದಡದ ಮಲ್ಲಿಕಾರ್ಜುನಸ್ವಾಮಿ ಬೆಟ್ಟದ ತಪ್ಪಲಿಗೆ ಜಾತ್ರೆ ಹೊತ್ತಿಗೆ ಜೋಡಿ ಎತ್ತುಗಳು ಬರುತ್ತವೆ. ಕೊಳ್ಳೋಕೆ ಬಂದ ರೈತ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ. 'ಜೀವ ಇದೆಯಲ್ಲ, ಸಾಕು' ಅಂತ ಯಾರೂ ದುಡ್ಡು ಎಣಿಸಲ್ಲ. ಕಾಲುಬಾಯಿ ಜ್ವರ ಬಂದು ಉಳಿದುಕೊಂಡ ಎತ್ತು ಬಿಸಿಲಲ್ಲಿ ಏದುಸಿರು ಬಿಡಬಹುದು, ಮೊದಲಿನ ಹಾಗೆ ನೇಗಿಲು ಎಳೆಯದೇ ಇರಬಹುದು. ಇದು ರೈತರಿಗೆ ಗೊತ್ತಿರುವ ವಿಷಯ.

ಮಕ್ಕಳ ಲಸಿಕೆ ವಿಷಯದಲ್ಲಿ ಮಾತ್ರ ನಾವು ಹೆಚ್ಚಾಗಿ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಜೀವ ಉಳಿಯಿತು? ಇದರ ಜೊತೆಗೆ ಸಂಶೋಧಕರು ಇನ್ನೊಂದು ಪ್ರಶ್ನೆಯನ್ನೂ ಕೇಳ್ತಾರೆ: ಉಳಿದ ಮಗು ಹೇಗೆ ಬದುಕ್ತಾ ಇದೆ? ಇದಕ್ಕೆ 'ಆರೋಗ್ಯ ಸಂಬಂಧಿ ಜೀವನದ ಗುಣಮಟ್ಟ' ಅಂತ ಹೆಸರು.

ಅಳೆಯೋದು ಹೇಗೆ?

ಇದಕ್ಕೆ ಸಿದ್ಧ ಪ್ರಶ್ನಾವಳಿಗಳಿವೆ. 'ಪೆಡ್ಸ್‌ಕ್ಯೂಎಲ್' ಅನ್ನೋದರಲ್ಲಿ 23 ಪ್ರಶ್ನೆ. ಓಡೋಕೆ ಕಷ್ಟವಾಗುತ್ತಾ, ಭಯ ಆಗುತ್ತಾ, ಬೇರೆ ಮಕ್ಕಳ ಜೊತೆ ಹೊಂದಿಕೊಳ್ಳುತ್ತಾ, ಶಾಲೆ ತಪ್ಪಿಸುತ್ತಾ, ಈ ಥರದವು. ಉತ್ತರಗಳಿಂದ 0ಯಿಂದ 100ರವರೆಗೆ ಅಂಕ ಬರುತ್ತೆ. ತೀರಾ ಚಿಕ್ಕ ಮಕ್ಕಳ ಪರವಾಗಿ ತಾಯಿಯೋ ತಂದೆಯೋ ಉತ್ತರ ಹೇಳ್ತಾರೆ.

ಇನ್ನೊಂದು ಲೆಕ್ಕದಲ್ಲಿ ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1, ಸಾವಿಗೆ 0. ಲಸಿಕೆ ಹಾಕಿಸಿದ ಮೇಲೆ ಮಗುವಿಗೆ ಎರಡು ದಿನ ಜ್ವರ ಬಂತು, ಆ ಎರಡು ದಿನ ಅರ್ಧ ಆರೋಗ್ಯ ಅಂದ್ಕೊಳ್ಳಿ. ನಷ್ಟ ಒಂದು ದಿನ. ಈಗ ರುಬೆಲ್ಲಾದಿಂದ ಹುಟ್ಟುವಾಗಲೇ ಕಿವಿ ಕೇಳದ ಮಗುವನ್ನ ತಗೊಳ್ಳಿ. ಅದರ ಪ್ರತಿ ವರ್ಷಕ್ಕೆ 0.8 ಅಂತ ಲೆಕ್ಕ ಇಟ್ಟರೂ 60 ವರ್ಷಕ್ಕೆ ನಷ್ಟ 12 ವರ್ಷ. ಈ ಅಂಕಿಗಳು ಬರೀ ಉದಾಹರಣೆಗೆ. ಆದರೆ ತಕ್ಕಡಿ ಯಾವ ಕಡೆ ವಾಲುತ್ತೆ ಅನ್ನೋದು ಇದರಿಂದ ಕಾಣುತ್ತೆ.

ಸಾಯಿಸದೆಯೂ ಕಸಿಯುವ ರೋಗಗಳು

ರುಬೆಲ್ಲಾ ಮಕ್ಕಳಿಗೆ ಬಂದರೆ ಸಣ್ಣ ಜ್ವರ, ಒಂದಿಷ್ಟು ಗುಳ್ಳೆ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹುಟ್ಟೋ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಕೇಳದ ಮಗುವಿಗೆ ಒಂದೊಂದು ಮಾತು ಕಲಿಸೋಕೆ ಮನೆಯವರು ವರ್ಷಗಟ್ಟಲೆ ಅಲೆಯಬೇಕಾಗುತ್ತೆ. ಬಸ್ ಚಾರ್ಜು, ತಪ್ಪಿದ ಕೂಲಿ, ಇವನ್ನೂ ಗುಣಮಟ್ಟದ ಲೆಕ್ಕಕ್ಕೆ ಸೇರಿಸಬೇಕು ಅನ್ನೋ ವಾದ ಸಂಶೋಧಕರಲ್ಲೇ ಇದೆ.

ದಡಾರ ಇನ್ನೊಂದು ಥರ. ಬಂದು ಹೋದ ರೋಗಗಳನ್ನ ನಮ್ಮ ದೇಹ ನೆನಪಿಟ್ಟುಕೊಂಡಿರುತ್ತೆ. ದಡಾರ ಆ ನೆನಪಿನ ಒಂದು ಭಾಗವನ್ನೇ ಅಳಿಸುತ್ತೆ ಅಂತ 2019ರ ಅಧ್ಯಯನಗಳು ತೋರಿಸಿದವು. ಗುಳ್ಳೆ ಮಾಸಿದ ಮೇಲೂ ಮಗು ಮತ್ತೆ ಮತ್ತೆ ಮಲಗೋದು ಇದರಿಂದಲೇ ಇರಬಹುದು.

ಈ ಎರಡಕ್ಕೂ ಸೇರಿ ಎಂಆರ್ ಲಸಿಕೆ ಇದೆ. 2017ರ ಫೆಬ್ರವರಿಯಲ್ಲಿ ಇದರ ದೊಡ್ಡ ಅಭಿಯಾನ ಶುರುವಾದಾಗ ಮೊದಲ ಸಾಲಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಜಗತ್ತಿನ ಲೆಕ್ಕ ಹೇಳೋದಾದ್ರೆ, ವಿಶ್ವ ಆರೋಗ್ಯ ಸಂಸ್ಥೆ ನೇತೃತ್ವದ ಅಧ್ಯಯನವೊಂದು 2024ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. 1974ರಿಂದ 50 ವರ್ಷದಲ್ಲಿ ಲಸಿಕೆ ಉಳಿಸಿದ ಜೀವ 15.4 ಕೋಟಿ. ಉಳಿದ ಒಂದೊಂದು ಜೀವಕ್ಕೆ ಸರಾಸರಿ 66 ವರ್ಷ ಪೂರ್ಣ ಆರೋಗ್ಯದ ಬದುಕು.

ಒಂದು ಎಚ್ಚರ

ಲಸಿಕೆ ಹಾಕಿಸಿದ ಮಕ್ಕಳ ಅಂಕ ಜಾಸ್ತಿ ಬಂದ ತಕ್ಷಣ ಎಲ್ಲಾ ಲಸಿಕೆಯಿಂದಲೇ ಅನ್ನೋ ಹಾಗಿಲ್ಲ. ತಪ್ಪದೆ ಸೂಜಿ ಹಾಕಿಸೋ ಮನೆಯಲ್ಲಿ ಊಟ, ಓದು, ಆಸ್ಪತ್ರೆ ದಾರಿ ಕೂಡ ಚೆನ್ನಾಗಿರಬಹುದು. ಒಳ್ಳೆ ಅಧ್ಯಯನ ಇವನ್ನ ಬೇರ್ಪಡಿಸಿ ನೋಡುತ್ತೆ. ಯಾವುದಾದರೂ ವರದಿ ಓದುವಾಗ ನೀವೂ ಇದನ್ನ ಕೇಳಿ.

ಗುರುವಾರದ ಮಾತು

ಈಗ ಅಂಗನವಾಡಿಗೆ ಬರೋಣ. 'ಹೋದ ಸಲ ಹಾಕ್ಸಿದ್ಕೆ ರಾತ್ರಿಯೆಲ್ಲಾ ಅತ್ತದೆ, ಈ ಸಲ ಬ್ಯಾಡ ಕಣಕ್ಕ' ಅನ್ನೋ ತಾಯಿ ಸುಳ್ಳು ಹೇಳ್ತಿಲ್ಲ. ಆ ರಾತ್ರಿ ನಿದ್ದೆ ಕೆಟ್ಟಿದ್ದು ಅವರೇ. 'ಏನೂ ಆಗಲ್ಲ' ಅನ್ನೋದಕ್ಕಿಂತ, 'ಒಂದೆರಡು ದಿನ ಜ್ವರ ಬರಬಹುದು, ಎಂಆರ್ ಆದ್ರೆ ವಾರ ಬಿಟ್ಟೂ ಬರಬಹುದು, ಹೆಚ್ಚಾದ್ರೆ ತಕ್ಷಣ ಕರೀರಿ' ಅಂತ ಮೊದಲೇ ಹೇಳೋದು ಪ್ರಾಮಾಣಿಕ. ಹಾಗೆ ಹೇಳಿದ ಮೇಲೆ ಬಂದ ಜ್ವರ ನಂಬಿಕೆ ಕೆಡಿಸಲ್ಲ.

ಎಂಆರ್ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ತಪ್ಪಿಹೋಗಿದ್ರೆ 5 ವರ್ಷದವರೆಗೂ ಅವಕಾಶ ಇದೆ. ಈ ಎರಡನೆಯದು ಬರೋ ಹೊತ್ತಿಗೆ ಮಗು ಓಡಾಡ್ತಾ ಇರುತ್ತೆ, 'ಗಟ್ಟಿಮುಟ್ಟಾಗಿದೆ, ಇನ್ಯಾಕೆ' ಅನ್ಸುತ್ತೆ. ಆ ಓಟ ನಿಲ್ಲದೇ ಇರಲಿ ಅಂತಾನೇ ಆ ಸೂಜಿ. ಇವತ್ತು ಮನೆಗೆ ಹೋದ ಮೇಲೆ ತಾಯಿ ಕಾರ್ಡ್ ತೆಗೆದು ನೋಡಿ, ಯಾವುದಾದರೂ ಮನೆ ಖಾಲಿ ಉಳಿದಿದ್ರೆ ನಿಮ್ಮ ಆಶಾ ಅಕ್ಕನಿಗೆ ಒಂದು ಫೋನ್ ಮಾಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.