ಕಣ್ಣೊಳಗೊಂದು ಕಾಳಗ

ಮೈಯೊಳಗಿನ ರಕ್ತನಾಳಗಳನ್ನು ಕತ್ತಿ ಮುಟ್ಟಿಸದೆ ಕಣ್ಣಾರೆ ಕಾಣಬೇಕೆ? ಹನಿ ಹಾಕಿ ಪಾಪೆ ಹಿಗ್ಗಿಸಿ, ಬೆಳಕು ಬಿಟ್ಟರೆ ಸಾಕು. ಅಗೋ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ತುಂಬ ಕವಲೊಡೆದು ಹಬ್ಬಿದ ಕೆಂಪು ನಾಳಗಳು! ಹೈದರಾಬಾದಿನ ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ಹೀಗೆ ಇಣುಕಿಯೇ ಒಂದು ಒಗಟಿನ ಬೆನ್ನು ಹತ್ತಿದ್ದಾರೆ. ಅದರ ಹೆಸರು ಈಲ್ಸ್ ಕಾಯಿಲೆ. ಪಶ್ಚಿಮದಲ್ಲಿ ತೀರಾ ಅಪರೂಪ. ಭಾರತದಲ್ಲಿ ಅಷ್ಟು ಅಪರೂಪವಲ್ಲ.

1880ರಲ್ಲಿ ಬರ್ಮಿಂಗ್‌ಹ್ಯಾಮಿನ ವೈದ್ಯ ಹೆನ್ರಿ ಈಲ್ಸ್ ಇದನ್ನು ವರ್ಣಿಸಿದ. ಗಟ್ಟಿಮುಟ್ಟಾದ ಹುಡುಗರ ಕಣ್ಣೊಳಗೆ ಇದ್ದಕ್ಕಿದ್ದಂತೆ ರಕ್ತಸ್ರಾವ! ಮೂಗಿನಲ್ಲೂ ರಕ್ತ, ಜೊತೆಗೆ ಮಲಬದ್ಧತೆ. ತಪ್ಪೆಲ್ಲ ಮಲಬದ್ಧತೆಯದೇ ಎಂದುಕೊಂಡ ಈಲ್ಸ್‌ಗೆ ರೆಟಿನಾದಲ್ಲಿನ ಉರಿಯೂತ ಕಾಣಿಸಲೇ ಇಲ್ಲ. ಅದನ್ನು 1887ರಲ್ಲಿ ಗುರುತಿಸಿದವನು ವೈದ್ಯ ವಾಡ್ಸ್‌ವರ್ತ್.

ಹಾಗಾದರೆ ಈ ಉರಿಯೂತಕ್ಕೆ ಕಿಡಿ ಹಚ್ಚಿದ್ದು ಯಾರು? ಬೆರಳು ತೋರುವುದು ಕ್ಷಯದ ಕಡೆಗೆ. ಆದರೆ ಬಹುಪಾಲು ರೋಗಿಗಳಲ್ಲಿ ಸಕ್ರಿಯ ಕ್ಷಯವೇ ಇರುವುದಿಲ್ಲ! 2000ದಲ್ಲಿ ಚೆನ್ನೈನ ಸಂಶೋಧಕರು 23 ರೋಗಿಗಳ ರೆಟಿನಾ ಮೇಲಿನ ಪೊರೆಗಳನ್ನು ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್‌ಗೆ ಒಡ್ಡಿದಾಗ 11ರಲ್ಲಿ ಕ್ಷಯ ಬ್ಯಾಕ್ಟೀರಿಯಾದ ಡಿಎನ್‌ಎ ಸಿಕ್ಕಿತು. ಕಾಡುತ್ತಿರುವುದು ಸೋಂಕಿಗಿಂತ ಅದರ ಕುರುಹಿನ ಮೇಲೆ ನಮ್ಮದೇ ರಕ್ಷಣಾ ವ್ಯವಸ್ಥೆ ತೋರುವ ಅತಿಕೋಪ ಎಂಬುದು ಪ್ರಬಲ ಊಹೆ. ಕಳ್ಳ ಬಿಟ್ಟುಹೋದ ಚಪ್ಪಲಿಯನ್ನು ಬಡಿಯಲು ಹೋಗಿ ಮನೆಯ ಗೋಡೆಯನ್ನೇ ಕೆಡವಿದ ಹಾಗೆ!

ಮುಂದಿನದು ಇನ್ನೂ ಸೋಜಿಗ. ವೈದ್ಯರು ಕಾಯಿಲೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲು ಅಭಿಧಮನಿಗಳು ಊದಿಕೊಂಡು ಅವುಗಳ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಎರಡನೆಯದರಲ್ಲಿ ಸೂಕ್ಷ್ಮನಾಳಗಳು ಮುಚ್ಚಿ ಆಮ್ಲಜನಕಕ್ಕೆ ಹಾತೊರೆಯುವ ರೆಟಿನಾ ರಾಸಾಯನಿಕ ಸಂಕೇತ ಕಳಿಸುತ್ತದೆ. ಹೊಸ ನಾಳಗಳು ಚಿಗುರುತ್ತವೆ. ಕಾಪಾಡಲು ಬಂದ ಆ ನಾಳಗಳೇ ಎಷ್ಟು ದುರ್ಬಲವೆಂದರೆ ಮೂರನೆಯ ಹಂತದಲ್ಲಿ ಒಡೆದು ಕಣ್ಣನ್ನು ರಕ್ತದಿಂದ ತುಂಬುತ್ತವೆ. ನಾಲ್ಕನೆಯದರಲ್ಲಿ ರೆಟಿನಾ ಎಳೆತಕ್ಕೆ ಸಿಕ್ಕಿ ಕಳಚುತ್ತದೆ, ಇಲ್ಲವೇ ಕಣ್ಣಿನ ಒತ್ತಡ ಏರುತ್ತದೆ.

ಈಲ್ಸ್ ಎಂದು ಕರೆಯುವ ಮುನ್ನ ಸಾರ್ಕಾಯ್ಡ್, ಬೆಹ್ಸೆಟ್ ಎಂಬ ಉರಿಯೂತದ ಕಾಯಿಲೆಗಳು, ಮಧುಮೇಹದಂಥ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಹಂತ ತಿಳಿದರೆ ದಾರಿಯೂ ತಿಳಿಯುತ್ತದೆ: ಉರಿಯೂತಕ್ಕೆ ಸ್ಟೀರಾಯ್ಡ್, ಹಸಿದ ರೆಟಿನಾಕ್ಕೆ ಲೇಸರ್, ಕರಗದ ರಕ್ತಕ್ಕೆ ಶಸ್ತ್ರಚಿಕಿತ್ಸೆ. ಎಲ್.ವಿ. ಪ್ರಸಾದ್ ಸಂಸ್ಥೆಯ ತಾರಾಪ್ರಸಾದ್ ದಾಸ್ ಮತ್ತು ಸಂಗಡಿಗರು 2010ರಲ್ಲಿ ಈ ರೋಗದ ಪತ್ತೆ, ಚಿಕಿತ್ಸೆಗಳನ್ನು ಒಟ್ಟುಗೂಡಿಸಿ ಬರೆದರು. ಇಪ್ಪತ್ತು–ಮೂವತ್ತರ ಹರೆಯದವರ ಕಣ್ಣ ಮುಂದೆ ಹಠಾತ್ತನೆ ಕಪ್ಪು ಚುಕ್ಕೆಗಳು ತೇಲಿದರೆ, ಕನ್ನಡಕದ ಅಂಗಡಿಗಲ್ಲ, ಪಾಪೆ ಹಿಗ್ಗಿಸಿ ನೋಡುವ ವೈದ್ಯರ ಬಳಿಗೆ ಓಡಬೇಕು.