ಬಿಳಿಗಣ್ಣಿನ ನೊಣದ ಲೆಕ್ಕ

ಕಳಿತ ಬಾಳೆಹಣ್ಣಿಗೆ ಎಲ್ಲಿಂದಲೋ ಬಂದು ಮುತ್ತುವ ಪುಟ್ಟ ನೊಣಗಳನ್ನು ಕಾಣದ ಮನೆ ಅಪರೂಪ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಈ ಹಣ್ಣುನೊಣಗಳನ್ನು ಹಾಲಿನ ಬಾಟಲಿಗಳಲ್ಲಿ ಸಾಕುತ್ತಿದ್ದರು. ಹತ್ತು ಹನ್ನೆರಡು ದಿನಗಳಲ್ಲಿ ಒಂದು ಪೀಳಿಗೆ ಸಿದ್ಧವಾಗುವುದರಿಂದ ವಂಶದ ಗುಣಗಳನ್ನು ಅರಿಯಲು ಇವು ಬಹಳ ಅನುಕೂಲ.

ಇವುಗಳ ಕಣ್ಣು ಕೆಂಪು. 1910ರಲ್ಲಿ ಅಲ್ಲೊಂದು ಬಿಳಿಗಣ್ಣಿನ ಗಂಡುನೊಣ ಕಾಣಿಸಿತು. ಮಾರ್ಗನ್ ಅದನ್ನು ಕೆಂಪುಗಣ್ಣಿನ ಹೆಣ್ಣುಗಳೊಡನೆ ಕೂಡಿಸಿದರು. ಮೂರನ್ನು ಬಿಟ್ಟರೆ ಮರಿಗಳೆಲ್ಲವೂ, ಅಂದರೆ 1,237 ನೊಣಗಳು, ಕೆಂಪುಗಣ್ಣಿನವೇ ಆದವು. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ನಿಯಮದಂತೆ ಮುಂದಿನ ಪೀಳಿಗೆಯಲ್ಲಿ ನಾಲ್ಕಕ್ಕೊಂದು ಬಿಳಿಗಣ್ಣಿನದಾಗಬೇಕು. ಹುಟ್ಟಿದವು ಇವು: ಕೆಂಪುಗಣ್ಣಿನ ಹೆಣ್ಣು 2,459, ಕೆಂಪುಗಣ್ಣಿನ ಗಂಡು 1,011, ಬಿಳಿಗಣ್ಣಿನ ಗಂಡು 782. ಬಿಳಿಗಣ್ಣಿನವು ಹೆಚ್ಚು ಸಾಯುವುದರಿಂದ ಸಂಖ್ಯೆ ತುಸು ತಗ್ಗಿತ್ತು. ಅದು ದೊಡ್ಡ ಮಾತಲ್ಲ. ಆದರೆ ಬಿಳಿಗಣ್ಣಿನ ಹೆಣ್ಣು ಒಂದೂ ಇರಲಿಲ್ಲ.

ಹೆಣ್ಣಿನಲ್ಲಿ ಎರಡು ಎಕ್ಸ್ ವರ್ಣತಂತುಗಳು. ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ಈ ಕಣ್ಣಿನ ಬಣ್ಣದ ವಂಶವಾಹಿ ಇರುವುದು ಎಕ್ಸ್‌ನಲ್ಲಿ ಮಾತ್ರ. ಮಗಳು ತಂದೆತಾಯಿಗಳಿಬ್ಬರಿಂದಲೂ ಒಂದೊಂದು ಎಕ್ಸ್ ಪಡೆಯುತ್ತಾಳೆ. ಮಗನಿಗೆ ದೊರೆಯುವ ಒಂದೇ ಎಕ್ಸ್ ತಾಯಿಯದು. ಆ ಪೀಳಿಗೆಯ ತಂದೆಗಳೆಲ್ಲ ಕೆಂಪುಗಣ್ಣಿನವು. ಆದುದರಿಂದ ಹೆಣ್ಣುಮರಿಗಳಿಗೆಲ್ಲ ಕೆಂಪು ಖಚಿತ. ಗಂಡುಮರಿಗಳಲ್ಲಿ ಅರ್ಧಕ್ಕೆ ತಾಯಿಯಲ್ಲಿ ಅಡಗಿದ್ದ ಬಿಳಿ ಬಂದಿತು. ಸ್ವಾರಸ್ಯವೆಂದರೆ, ಗುಣಗಳು ವರ್ಣತಂತುಗಳ ಮೇಲೆ ಸಾಗುತ್ತವೆಂಬುದನ್ನು ಅದುವರೆಗೆ ಮಾರ್ಗನ್ನರೇ ಸಂದೇಹಿಸುತ್ತಿದ್ದರು.

ಹಾಗಾದರೆ ಬಿಳಿಗಣ್ಣಿನ ಹೆಣ್ಣು ಹುಟ್ಟಲಾರದೆ? ಬಿಳಿಗಣ್ಣಿನ ಗಂಡನ್ನು ಅದರ ಮಗಳೊಡನೆಯೇ ಕೂಡಿಸಿದರೆ ಹೆಣ್ಣುಮರಿಗಳಲ್ಲಿ ಅರ್ಧ ಬಿಳಿಗಣ್ಣಿನವಾಗಬೇಕೆಂದು ಲೆಕ್ಕ ಹೇಳುತ್ತದೆ. ಮಾರ್ಗನ್ನರಿಗೆ ಅಂತಹ 88 ಹೆಣ್ಣುನೊಣಗಳು ದೊರೆತವು; ಕೆಂಪುಗಣ್ಣಿನ ಹೆಣ್ಣುಗಳು 129. ಇನ್ನು ಬಿಳಿಗಣ್ಣಿನ ತಾಯಿಗೆ ಕೆಂಪುಗಣ್ಣಿನ ತಂದೆ ಜೊತೆಯಾದರೆ? ಮಕ್ಕಳು ಕಾಗದದ ಮೇಲೆ ಚೌಕ ಬರೆದು ನೋಡಬಹುದು: ಹೆಣ್ಣುಮರಿಗಳೆಲ್ಲ ತಂದೆಯಂತೆ ಕೆಂಪು, ಗಂಡುಮರಿಗಳೆಲ್ಲ ತಾಯಿಯಂತೆ ಬಿಳಿ.

ಮನುಷ್ಯರಲ್ಲಿ ಕೆಂಪು ಹಸಿರುಗಳನ್ನು ಬೇರ್ಪಡಿಸಲಾರದ ಬಣ್ಣಗುರುಡು ಸಾಮಾನ್ಯವಾಗಿ ಇದೇ ದಾರಿಯಲ್ಲಿ ಬರುತ್ತದೆ. ಚಿತ್ರದಲ್ಲಿ ಎಲೆಗೆ ಕಂದು ಬಣ್ಣ ಹಚ್ಚಿದ ಹುಡುಗ ಅಲಕ್ಷ್ಯದಿಂದಲೇ ಹಾಗೆ ಮಾಡಿರಬೇಕೆಂದಿಲ್ಲ. ತಾಯಿಯ ಕಣ್ಣಿಗೆ ಬಣ್ಣಗಳೆಲ್ಲ ಸ್ಪಷ್ಟವಾಗಿದ್ದರೂ ಅವಳ ಒಂದು ಎಕ್ಸ್‌ನಲ್ಲಿ ಆ ಗುಣ ಅಡಗಿರಬಹುದು. ಅವಳ ತಂದೆಗೆ ಬಣ್ಣಗುರುಡಿದ್ದರೆ ಅಡಗಿರುವುದು ಖಂಡಿತ. ಆಗ ಹುಟ್ಟುವ ಪ್ರತಿ ಮಗನಿಗೂ ಅದು ಬರುವ ಸಂಭವ ಅರ್ಧದಷ್ಟು. ಅಣ್ಣನಿಗೆ ಬಂದಿತೆಂದು ತಮ್ಮನ ಪಾಲು ಕಡಿಮೆಯಾಗುವುದಿಲ್ಲ.